ಹಳೆಯ ಗಣಕಯಂತ್ರಕ್ಕೆ ಹಗುರವಾದ ಏರ್ಪಾಡು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಗಣಕಯಂತ್ರಕ್ಕೂ ಸಲ್ಲುತ್ತದೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತುಹೋಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ ಅವಶ್ಯಕ. 2 ಜಿಬಿಯ ಯಂತ್ರವುಳ್ಳ ಬಡ ಶಾಲೆಯಾಗಲಿ ಮನೆಯಾಗಲಿ ಅದನ್ನು ಗುಜರಿಗೆ ಹಾಕುವ ಮುನ್ನ ಆಲೋಚಿಸುವುದು ಯುಕ್ತ.

ಲಿನಕ್ಸ್ ವ್ಯವಸ್ಥೆಯಲ್ಲಿ ಕಿಟಕಿಗಳಿಗೆ ಚೌಕಟ್ಟು ಕಟ್ಟಿ, ಅವನ್ನು ಸರಿಸಿ, ಹಿಂದುಮುಂದಾಗಿಸುವ ತಂತ್ರಾಂಶವೇ ವಿಂಡೋ ಮ್ಯಾನೇಜರ್. ಪಟ್ಟಿ, ಹಿನ್ನೆಲೆಚಿತ್ರ ಮೊದಲಾದ ಅಲಂಕಾರಗಳು ಹೆಚ್ಚಿದಷ್ಟೂ ಸ್ಮೃತಿಯ ವೆಚ್ಚವೂ ಹೆಚ್ಚು. ಓಪನ್‌ಬಾಕ್ಸ್ ಎಂಬುದು ಇವಾವುದನ್ನೂ ಹೊರದೆ ತನ್ನ ಕೆಲಸವನ್ನಷ್ಟೇ ಮಾಡುತ್ತದೆ.

ಡೆಬಿಯನ್ ಲಿನಕ್ಸಿನಲ್ಲಿ ಆಡಳಿತಾಧಿಕಾರದಿಂದ ‘ಆಪ್ಟ್ ಇನ್‌ಸ್ಟಾಲ್ ಓಪನ್‌ಬಾಕ್ಸ್’ ಎಂಬ ಆಜ್ಞೆಯನ್ನು ರೋಮನ್ ಲಿಪಿಯಲ್ಲಿ ಕೊಟ್ಟರೆ ಅದು ಸ್ಥಾಪಿತವಾಗುತ್ತದೆ. ಹೊರಬಂದು, ಪುನಃ ಪ್ರವೇಶಿಸುವಾಗ ಓಪನ್‌ಬಾಕ್ಸನ್ನು ಆರಿಸಿಕೊಳ್ಳಬೇಕು. ಬರಿದಾದ ತೆರೆಯನ್ನು ಕಂಡು ಅಂಜಬೇಕಾಗಿಲ್ಲ. ಮೌಸಿನ ಬಲಗುಂಡಿಯನ್ನೊತ್ತಿದರೆ ಮೆನು ಮೂಡುತ್ತದೆ.

ಮುಂದೆ ‘ಆರ್‌ಸಿ’, ‘ಮೆನು’, ‘ಆಟೋಸ್ಟಾರ್ಟ್’ ಎಂಬ ಮೂರು ಕಡತಗಳನ್ನು ವ್ಯವಸ್ಥೆಯ ಕೋಶದಿಂದ ನಮ್ಮ ಸ್ವಂತ ‘ಕಾನ್ಫಿಗ್’ ಕೋಶದೊಳಗಣ ‘ಓಪನ್‌ಬಾಕ್ಸ್’ ಕೋಶಕ್ಕೆ ನಕಲು ಮಾಡಿಕೊಳ್ಳಬೇಕು. ತಿದ್ದುವುದು ನಕಲನ್ನು ಮಾತ್ರ. ಕೆಟ್ಟರೆ ಮೂಲವಿದ್ದೇ ಇರುತ್ತದೆ.

‘ಆರ್‌ಸಿ’ಯಲ್ಲಿ ಕೀಲಿಗಳ ನಿಯಮಗಳೂ ಮೇಜುಗಳ ಸಂಖ್ಯೆಯೂ ಇವೆ. ಚಾಳಿನ ಒಂದೇ ಖೋಲಿಯು ಹೊತ್ತಿಗೊಂದರಂತೆ ಅಡುಗೆಮನೆ, ಓದುವ ಮನೆ, ಮಲಗುವ ಮನೆಯಾಗುವಂತೆ, ಒಂದೇ ತೆರೆಯು ನಾಲ್ಕು ಮೇಜುಗಳಾಗಬಲ್ಲುದು. ‘ಆಟೋಸ್ಟಾರ್ಟ್’ನಲ್ಲಿ ಆರಂಭದಲ್ಲೇ ನಡೆಯಬೇಕಾದ ತಂತ್ರಾಂಶಗಳನ್ನು ಬರೆಯಬೇಕು. ಪ್ರತಿ ಆಜ್ಞೆಯ ಕೊನೆಗೆ ‘ಆಂಪರ್‌ಸ್ಯಾಂಡ್’ ಚಿಹ್ನೆ ಇರಲಿ. ಇಲ್ಲವಾದರೆ ಅದು ಮುಗಿಯುವವರೆಗೆ ಮುಂದಿನದು ಕಾಯುತ್ತದೆ. ಕಾರ್ಯಪಟ್ಟಿ ಬೇಕೆನ್ನುವವರು ‘ಟಿಂಟ್2’ ಎಂಬುದನ್ನು ಸ್ಥಾಪಿಸಿ ಇಲ್ಲಿ ಸೇರಿಸಬಹುದು.

‘ಮೆನು’ ಕಡತವಂತೂ ನಮಗೆ ವಿಶೇಷ ಪ್ರಿಯವಾಗತಕ್ಕುದು. ಅದರಲ್ಲಿ ‘ಬರವಣಿಗೆ’, ‘ಲೆಕ್ಕ’, ‘ಚಿತ್ರಕಲೆ’ ಎಂದು ಕನ್ನಡದಲ್ಲೇ ಹೆಸರಿಡಬಹುದು. ಓಪನ್‌ಬಾಕ್ಸ್ ಅಕ್ಷರಗಳನ್ನು ಮೂಡಿಸಲು ‘ಪ್ಯಾಂಗೊ’ ಎಂಬ ತಂತ್ರಾಂಶವನ್ನು ಬಳಸುವುದರಿಂದ, ಯಂತ್ರದಲ್ಲಿ ಕನ್ನಡದ ಅಕ್ಷರವಿನ್ಯಾಸವಿದ್ದರೆ ಒತ್ತಕ್ಷರಗಳೂ ಸರಿಯಾಗಿ ಕಾಣುತ್ತವೆ. ತಿದ್ದಿದ ಬಳಿಕ ಮೆನುವಿನ ‘ರೀಕಾನ್ಫಿಗರ್’ ಒತ್ತಿದರೆ ಸಾಕು.

ಇದರಿಂದ ಎಲ್ಲವೂ ಹಗುರಾಗುವುದೆಂದು ಭ್ರಮಿಸಬಾರದು. ಬ್ರೌಸರಿನಲ್ಲಿ ಹತ್ತಾರು ಪುಟಗಳನ್ನು ತೆರೆದರೆ ಉಳಿಸಿದ ಸ್ಮೃತಿಯೆಲ್ಲ ಅಲ್ಲೇ ವ್ಯಯವಾದೀತು. ಆದರೆ ಬರೆಯಲು, ಲೆಕ್ಕವಿಡಲು, ಕ್ರಮವಿಧಿ ಕಲಿಯಲು ಹಳೆಯ ಯಂತ್ರ ಇಂದಿಗೂ ಸಾಕು.

ವಿದ್ಯಾರ್ಥಿಗಳೇ, ಬೀದಿಯ ಫಲಕಗಳಲ್ಲಿ ನಮ್ಮ ಲಿಪಿ ಕಾಣದ ಈ ಮಹಾನಗರಿಯಲ್ಲಿ, ನಿಮ್ಮ ಮುಂದಣ ತೆರೆಯ ಮೇಲೆ ಅದನ್ನು ಕಾಣಿಸುವುದು ನಿಮ್ಮ ಕೈಯಲ್ಲೇ ಇದೆ. ಒಂದು ಸಾಲು ತಿದ್ದಿ ನೋಡಿರಿ.