ಗಲ್ಲಾದಲ್ಲಿ ಕೂರುವವರ ತೂಕ



ಓಖ್ಲಾ ಕೈಗಾರಿಕಾ ಪ್ರದೇಶದ ನಮ್ಮ ಹೋಟೆಲಿಗೆ ಬೆಳಿಗ್ಗೆ ಏಳಕ್ಕೇ ಕಾರ್ಖಾನೆಯವರು ಬರುತ್ತಾರೆ. ಅವರು ತಿಂದು ನಡೆಯುತ್ತಾರೆ. ತಿಂದು ಕೂರುವವರು ಗಲ್ಲಾದಲ್ಲಿರುವ ನಾವು! ಸಾಂಬಾರಿನ ರುಚಿ ನೋಡುವುದು, ಹತ್ತಕ್ಕೆ ವಡೆ, ನಡುನಡುವೆ ಕಾಫಿ, ಶಟರ್ ಎಳೆದ ಮೇಲೆ ರಾತ್ರಿ ಹನ್ನೊಂದಕ್ಕೆ ಊಟ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯವರಿಗೆ ಸ್ತನದ ಕ್ಯಾನ್ಸರ್ ಎಂದಾಗ ಅವರ ತೂಕ 82 ಕಿಲೋ. ಆಪರೇಷನ್ ಆಗಿ ಕೀಮೋ ಶುರುವಾಯಿತು. ಊರಿನಿಂದ ಬಂದ ನೆಂಟರು ಶಕ್ತಿ ಬರಲೆಂದು ತುಪ್ಪದ ಲಾಡು ತಂದರು. ಇನ್ನೊಬ್ಬರು, ಉಪವಾಸ ಹಾಕಿದರೆ ರೋಗ ಸಾಯುತ್ತದೆ ಎಂದರು. ನಾವು ಇಬ್ಬರ ಮಾತೂ ಕೇಳಿದೆವು. ಮೊದಲು ತಿನ್ನಿಸಿದೆವು, ಆಮೇಲೆ ಹತ್ತು ದಿನ ಬರೀ ಗಂಜಿತಿಳಿ ಕೊಟ್ಟೆವು. ಏಳಲಾರದಷ್ಟು ಸುಸ್ತಾಗಿ ಮುಂದಿನ ಕೀಮೋ ತಡವಾಯಿತು. ಡಾಕ್ಟರು ಚೆನ್ನಾಗಿ ಬೈದರು. ಚಿಕಿತ್ಸೆ ನಡೆಯುವಾಗ ತೂಕ ಇಳಿದರೆ ಕರಗುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಹೋಗುತ್ತದೆ. ತೂಕ ಇಳಿಸುವುದೇನಿದ್ದರೂ ಚಿಕಿತ್ಸೆ ಮುಗಿದು ಡಾಕ್ಟರು ಒಪ್ಪಿದ ಮೇಲೆ, ನಿಧಾನವಾಗಿ.

ಇಳಿಸುವುದೇಕೆ? ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ತಯಾರಾಗುವುದು ಹೆಚ್ಚಾಗಿ ಕೊಬ್ಬಿನಲ್ಲೇ. ಕೆಲವು ಸ್ತನ ಕ್ಯಾನ್ಸರ್‌ಗಳಿಗೆ ಅದೇ ಗೊಬ್ಬರ. ಹತ್ತನೇ ಕ್ಲಾಸಿನ ನಮಗೆ ಮಗ ಕೂರಿಸಿ ಓದಿ ಹೇಳಿದ್ದು ಇದು: ಅಮೆರಿಕದಲ್ಲಿ 2,437 ಹೆಂಗಸರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣ್ಣೆ ಬೆಣ್ಣೆ ಕಡಿಮೆ ಮಾಡಿದವರಲ್ಲಿ ಶೇ. 9.8 ಮಂದಿಗೆ ರೋಗ ಮರಳಿತು, ಉಳಿದವರಲ್ಲಿ ಶೇ. 12.4. ಮೊದಲಿನವರ ತೂಕ ಸುಮಾರು ಎರಡೂಮುಕ್ಕಾಲು ಕಿಲೋ ಕಡಿಮೆಯಿತ್ತು, ಅಷ್ಟೇ. 2007ರ ಇನ್ನೊಂದರಲ್ಲಿ 3,088 ಹೆಂಗಸರ ಪೈಕಿ ಅರ್ಧದಷ್ಟು ಮಂದಿಗೆ ತರಕಾರಿ, ಹಣ್ಣು ಧಾರಾಳವಾಗಿ ತಿನ್ನಿಸಿದರು. ತೂಕ ಇಳಿಯಲಿಲ್ಲ, ರೋಗ ಮರಳುವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವಡೆಯ ಜೊತೆಗೆ ಒಂದು ತಟ್ಟೆ ಸಲಾಡ್ ತಿಂದೆ ಎಂದು ಸಮಾಧಾನಪಡುವಂತಿಲ್ಲ!

ಇನ್ನೊಂದು ಮಾತೂ ಇದೆ. 2025ರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಆದ 889 ಜನರ ಫಲಿತಾಂಶ ಬಂತು. ಕೀಮೋ ಮುಗಿಸಿ ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಎಂಟನೇ ವರ್ಷಕ್ಕೆ ಶೇ. 90.3 ಮಂದಿ ಬದುಕಿದ್ದರು, ಬರೀ ಪುಸ್ತಕ ಪಡೆದವರಲ್ಲಿ ಶೇ. 83.2. ಅವರ ತೂಕವೇನೂ ಹೆಚ್ಚು ಇಳಿದಿರಲಿಲ್ಲ. ಅಂದರೆ ತಕ್ಕಡಿಯ ಮುಳ್ಳನ್ನೇ ನೋಡುತ್ತ ಕೂರಬೇಕಾಗಿಲ್ಲ, ನಡೆಯಬೇಕು.

ನಮ್ಮ ದೇಶದವರಿಗೆ ತೂಕದ ಅಳತೆ ಇನ್ನೂ ಬಿಗಿ. ಐದೂವರೆ ಅಡಿ ಎತ್ತರದವರು ಸುಮಾರು 65 ಕಿಲೋ ದಾಟಿದರೆ ಹೆಚ್ಚು ತೂಕವೆಂದೇ ಲೆಕ್ಕ. ನಮ್ಮ ಸಂಘದ ಸಭೆಯಲ್ಲಿ ಒಮ್ಮೆ ಕಣ್ಣು ಹಾಯಿಸಿ ನೋಡಿ.

ಈಗ ಬೆಳಿಗ್ಗೆ ನಾವಿಬ್ಬರೂ ಕಾಲ್ಕಾಜಿ ಮಂದಿರದ ಕಡೆ ನಡೆಯುತ್ತೇವೆ. ಚಳಿಗಾಲದ ಹೊಗೆಯ ದಿನಗಳಲ್ಲಿ ಮನೆಯೊಳಗೇ. ರಾತ್ರಿ ಊಟ ಎಂಟಕ್ಕೆ, ಗಲ್ಲಾ ಮಗನಿಗೆ. ರುಚಿ ನೋಡಲು ಸೌಟಿನ ಬದಲು ಟೀ ಚಮಚ ಇಟ್ಟಿದ್ದೇವೆ, ಭಟ್ಟರು ನಗುತ್ತಾರೆ. ಎರಡು ವರ್ಷದಲ್ಲಿ ಮನೆಯವರು 82ರಿಂದ 74ಕ್ಕೆ ಬಂದಿದ್ದಾರೆ, ಆರು ತಿಂಗಳಿಗೊಮ್ಮೆ ತಪಾಸಣೆ ನಡೆದಿದೆ. ಕಾಫಿಗೆ ಸಕ್ಕರೆ ಬಿಡಲು ಮಾತ್ರ ಇನ್ನೂ ಒಪ್ಪಿಲ್ಲ.