ಗಬ್ಬ ಇಳಿಸಿದ ದನಕ್ಕೆ ಬರಿಗೈ ಹಾಕಬೇಡಿ

ಏಳು ತಿಂಗಳ ಗಬ್ಬದ ದನ. ಮೇವು ಬಿಟ್ಟಿಲ್ಲ, ಜ್ವರವಿಲ್ಲ. ಬೆಳಗ್ಗೆ ಹಟ್ಟಿಗೆ ಹೋದರೆ ಸತ್ತ ಕರು ಬಿದ್ದಿದೆ, ಮಾಸು ನೇತಾಡುತ್ತಿದೆ. 'ಜಾರಿ ಬಿದ್ದಿರಬೇಕು', 'ದೃಷ್ಟಿ ತಾಗಿದೆ', 'ಉಷ್ಣ ಆಯ್ತು' - ನಾವು ಹೇಳುವ ಕಾರಣಗಳು ಇಷ್ಟೇ. ಬಿದ್ದು ಗಬ್ಬ ಹೋಗುವುದೂ ಇದೆ. ಆದರೆ ಐದು ತಿಂಗಳು ಕಳೆದ ಮೇಲೆ ಗಬ್ಬ ಇಳಿದರೆ ಕಂದು ರೋಗದ ಸಂಶಯ ಇರಲೇಬೇಕು. ಡಾಕ್ಟರರು ಬ್ರುಸೆಲ್ಲೋಸಿಸ್ ಅನ್ನುವುದು ಇದಕ್ಕೇ.

ಗುಣವಾದಂತೆ ಕಾಣುವ ಮೋಸ

ಕಾರಣ ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾ. ಡೆನ್ಮಾರ್ಕಿನ ಬರ್ನಾರ್ಡ್ ಬ್ಯಾಂಗ್ 1897ರಲ್ಲೇ ಇದನ್ನು ಪತ್ತೆ ಮಾಡಿದ್ದರು. ಗರ್ಭಕೋಶ ಮತ್ತು ಮಾಸಿನಲ್ಲಿ ಬೆಳೆದು ಕರುವನ್ನು ಕೊಲ್ಲುತ್ತದೆ. ಹೆಚ್ಚಿನ ದನಗಳು ಒಂದೇ ಸಲ ಗಬ್ಬ ಇಳಿಸುತ್ತವೆ. ಮುಂದಿನ ಸಲ ಜೀವಂತ ಕರು ಹಾಕುತ್ತವೆ. 'ಸರಿಯಾಯ್ತು' ಅಂತ ನಾವು ನೆಮ್ಮದಿಯಲ್ಲಿರುತ್ತೇವೆ. ರೋಗಾಣು ಮಾತ್ರ ಕೆಚ್ಚಲಲ್ಲಿ ಉಳಿದು ಹಾಲಿನಲ್ಲಿ, ಕರು ಹಾಕುವಾಗಿನ ಸ್ರಾವದಲ್ಲಿ ಹೊರಬೀಳುತ್ತಲೇ ಇರುತ್ತದೆ. ಪಕ್ಕದ ದನ ಆ ಸ್ರಾವ ನೆಕ್ಕಿದರೆ, ಅದು ತಾಗಿದ ಹುಲ್ಲು ತಿಂದರೆ ಸಾಕು. ದನಕ್ಕೆ ಇದರಿಂದ ಪೂರ್ತಿ ಗುಣ ಮಾಡುವ ನಂಬಿಕೆಯ ಮದ್ದಿಲ್ಲ.

ನಮಗೂ ಬರುತ್ತೆ

ಬರಿಗೈಯಲ್ಲಿ ಮಾಸು ಎಳೆದವರಿಗೆ, ಹಸಿಹಾಲು ಕುಡಿದವರಿಗೆ ಈ ರೋಗ ಅಂಟುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಗಂಟು-ಸೊಂಟ ನೋವು, ತಿಂಗಳುಗಟ್ಟಲೆ ಸುಸ್ತು. ಮಲೇರಿಯಾ, ಟೈಫಾಯ್ಡ್ ಅಂತ ಅಲೆದಾಡುವವರಿದ್ದಾರೆ. ಇಂಥ ಜ್ವರ ಇದ್ದರೆ 'ಮನೆಯ ದನ ಗಬ್ಬ ಇಳಿಸಿದೆ' ಎಂದು ಡಾಕ್ಟರರಿಗೆ ಹೇಳಿಬಿಡಿ. ಮನುಷ್ಯರಿಗೆ ಮದ್ದಿದೆ, ವಾರಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕು.

ಏನು ಮಾಡಬೇಕು?

* ಗ್ಲೌಸ್ ಇಲ್ಲವಾದರೆ ಕೈಗೆ ದಪ್ಪ ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಳ್ಳಿ. ಗರ್ಭಿಣಿಯರು ಹತ್ತಿರ ಹೋಗುವುದು ಬೇಡ.
* ಮಾಸನ್ನು ಎಳೆಯಬೇಡಿ. ಗರ್ಭಕೋಶಕ್ಕೆ ಗಾಯವಾಗಿ ಕೀವು ತುಂಬಿದರೆ ಮತ್ತೆ ಗಬ್ಬ ನಿಲ್ಲುವುದು ಕಷ್ಟ. ಪಶುವೈದ್ಯರನ್ನು ಕರೆಯಿರಿ.
* ಸತ್ತ ಕರು, ಮಾಸನ್ನು ತೋಡಿಗೋ ಗೊಬ್ಬರದ ಗುಂಡಿಗೋ ಎಸೆಯಬೇಡಿ. ನಾಯಿ ಕೆದಕದಷ್ಟು ಆಳದಲ್ಲಿ ಸುಣ್ಣ ಹಾಕಿ ಹುಗಿಯಿರಿ. ಅಡಿಗೆ ಹಾಸಿದ ಸೊಪ್ಪು, ಹುಲ್ಲನ್ನು ಸುಡಿ.
* ಸ್ರಾವ ನಿಲ್ಲುವ ತನಕ ದನವನ್ನು ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಗಬ್ಬ ಇಳಿಸುವ ಬೇರೆ ರೋಗಾಣುಗಳೂ ಇವೆ; ನೋಡಿ ಹೇಳುವ ರೋಗವಲ್ಲ ಇದು.
* ಹಾಲನ್ನು ಉಕ್ಕುವಂತೆ ಕುದಿಸಿಯೇ ಕುಡಿಯಿರಿ.
* ಹೊಸ ದನ ತರುವಾಗ ದರ ಚರ್ಚಿಸುವ ಮೊದಲು ರಕ್ತ ಪರೀಕ್ಷೆಯ ಮಾತಾಡಿ.

ಒಂದೇ ಚುಚ್ಚುಮದ್ದು

4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಎಸ್-19 ಲಸಿಕೆ ಕೊಡಿಸಬೇಕು. ಆಯುಷ್ಯಕ್ಕೆ ಒಂದು ಸಲ. ಗಂಡು ಕರುವಿಗೆ, ಗಬ್ಬದ ದನಕ್ಕೆ ಇದು ಬೇಡ. ಜೀವಂತ ರೋಗಾಣುವಿನ ಲಸಿಕೆಯಾದ ಕಾರಣ ಕೈಗೆ ಸೂಜಿ ತಾಗಿದರೂ ಅಪಾಯ. ಪಶುವೈದ್ಯ ಸಿಬ್ಬಂದಿಯೇ ಚುಚ್ಚಲಿ. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜತೆ ಇದೂ ಸೇರಿದೆ.

ನಿಮ್ಮ ಹಟ್ಟಿಯ ಹೆಣ್ಣು ಕರುವಿಗೆ ಈಗ ಎಷ್ಟು ತಿಂಗಳು? ಎಂಟು ದಾಟುವ ಮುಂಚೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.