ಗ್ರಾಮಫೋನ್ ತಟ್ಟೆಯಲ್ಲಿ ಯಾತನೆಯ ಕಥೆ

ಪವಿತ್ರ ವಾರದಲ್ಲಿ ಯೇಸುಸ್ವಾಮಿಯ ಯಾತನೆಯ ವೃತ್ತಾಂತವನ್ನು ನಮ್ಮ ದೇವಾಲಯಗಳಲ್ಲಿ ಒಬ್ಬರೇ ಓದುವುದಿಲ್ಲ. ನಿರೂಪಣೆಗೆ ಒಂದು ಧ್ವನಿ, ಯೇಸುವಿನ ಮಾತಿಗೆ ಗುರುಗಳ ಧ್ವನಿ, ಪೇತ್ರ ಪಿಲಾತರಿಗೆ ಮತ್ತೊಂದು ಧ್ವನಿ. ಜನಸ್ತೋಮದ ಕೂಗಿಗೆ ಮಾತ್ರ ಪೀಠಗಳಲ್ಲಿ ನಿಂತಿರುವ ನಾವೆಲ್ಲರೂ. ಶಿಲುಬೆಗೇರಿಸಿ ಎಂದು ಕೂಗುವ ಪಾಲು ನಮ್ಮದೇ ಎಂಬುದು ಪ್ರತಿ ವರ್ಷವೂ ಮನಸ್ಸನ್ನು ಕಲಕುವ ಸಂಗತಿ. ಶತಮಾನಗಳಿಂದ ನಡೆದುಬಂದ ಈ ಪದ್ಧತಿಯಿಂದಲೇ ಪಾಶ್ಚಾತ್ಯ ಸಂಗೀತದ ಯಾತನಾ ಗೀತಪ್ರಬಂಧಗಳು ಹುಟ್ಟಿದವು. 1727ರಲ್ಲಿ ಬಾಖ್ ಮತ್ತಾಯನ ಶುಭಸಂದೇಶಕ್ಕೆ ಸ್ವರ ಕಟ್ಟಿದ್ದೂ ಇದೇ ಮಾರ್ಗದಲ್ಲಿ. ಅದೇ ಮರದ ಯಾರೂ ನಿರೀಕ್ಷಿಸದ ಕೊಂಬೆಯೊಂದು 1970ರಲ್ಲಿ ಲಂಡನ್ನಿನ ಧ್ವನಿಮುದ್ರಣ ಶಾಲೆಯೊಂದರಲ್ಲಿ ಚಿಗುರಿತು. ಅದರ ಹೆಸರು ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’.

ಇದನ್ನು ನಾಟಕವೆಂದೋ ಚಲನಚಿತ್ರವೆಂದೋ ಬಲ್ಲವರೇ ಹೆಚ್ಚು. ಆದರೆ ಅದು ಮೊದಲು ಹುಟ್ಟಿದ್ದು ಎರಡು ಗ್ರಾಮಫೋನ್ ತಟ್ಟೆಗಳ ರಾಕ್ ಸಂಗೀತದ ಆಲ್ಬಂ ಆಗಿ. ಅದಕ್ಕೆ ಕಾರಣ ಸರಳವಾದುದು: ಯೇಸುವಿನ ಕೊನೆಯ ಏಳು ದಿನಗಳನ್ನು ವಿದ್ಯುತ್ ಗಿಟಾರಿನೊಂದಿಗೆ ರಂಗಕ್ಕೆ ತರಲು ಯಾವ ನಿರ್ಮಾಪಕನೂ ಮುಂದೆ ಬರಲಿಲ್ಲ.

ಸಂಗೀತ ನೀಡಿದ ಆಂಡ್ರೂ ಲಾಯ್ಡ್ ವೆಬ್ಬರ್ ಹುಟ್ಟಿದ್ದು 1948ರಲ್ಲಿ, ಗೀತೆಗಳನ್ನು ಬರೆದ ಟಿಮ್ ರೈಸ್ 1944ರಲ್ಲಿ. ಅಂದರೆ ಇಬ್ಬರೂ ಆಗ ಮೂವತ್ತು ತುಂಬದ ಯುವಕರು. 1968ರ ಮಾರ್ಚ್‌ನಲ್ಲಿ ಲಂಡನ್ನಿನ ಶಾಲೆಯೊಂದರ ಮಕ್ಕಳಿಗಾಗಿ ಹಳೆಯ ಒಡಂಬಡಿಕೆಯ ಯೋಸೇಫನ ಕಥೆಯನ್ನು ಹಾಡುಗಳಲ್ಲಿ ಕಟ್ಟಿಕೊಟ್ಟು ಅವರು ಅಲ್ಪಸ್ವಲ್ಪ ಹೆಸರು ಗಳಿಸಿದ್ದರು. ಯೇಸುವಿಗೆ ದ್ರೋಹ ಬಗೆದ ಯೂದನ ಕಣ್ಣಿನಿಂದ ಆ ಕಥೆಯನ್ನು ನೋಡಿದರೆ ಹೇಗಿರಬಹುದು ಎಂಬ ಕುತೂಹಲ ರೈಸ್‌ಗೆ ಬಹುಕಾಲದಿಂದ ಇತ್ತು. ನಾಲ್ಕು ಶುಭಸಂದೇಶಗಳ ಘಟನೆಗಳನ್ನು ಹೊಂದಿಸಿಕೊಳ್ಳಲು ಆತ ನೆರವು ಪಡೆದದ್ದು ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷ ಫುಲ್ಟನ್ ಶೀನ್ ಅವರು 1958ರಲ್ಲಿ ಪ್ರಕಟಿಸಿದ ಕ್ರಿಸ್ತಚರಿತ್ರೆಯಿಂದ ಎಂಬುದು ನಮ್ಮ ಓದುಗರಿಗೆ ಸೋಜಿಗವೆನಿಸಬಹುದು. 2012ರಲ್ಲಿ ಧರ್ಮಸಭೆ ‘ಪೂಜ್ಯ’ರೆಂದು ಸಾರಿದ ಶೀನ್ ಅವರ ಪುಸ್ತಕ ರಾಕ್ ಸಂಗೀತದ ಗೀತಕಾರನ ಮೇಜಿನ ಮೇಲಿತ್ತು! ಹಾಗೆಂದು ರೈಸ್ ಭಕ್ತನೆಂದು ತಿಳಿಯಬೇಕಾಗಿಲ್ಲ. ಯೇಸುವನ್ನು ಮನುಷ್ಯನನ್ನಾಗಿ ನೋಡುವುದೇ ತನ್ನ ಉದ್ದೇಶವೆಂಬುದನ್ನು ಆತ ಎಂದೂ ಮುಚ್ಚಿಡಲಿಲ್ಲ.

ರಂಗದ ಬಾಗಿಲು ಮುಚ್ಚಿದ್ದರಿಂದ ಎಂಸಿಎ ಧ್ವನಿಮುದ್ರಿಕಾ ಸಂಸ್ಥೆ ಮೊದಲು ಒಂದೇ ಹಾಡಿಗೆ ಹಣ ಹೂಡಲು ಒಪ್ಪಿತು. 1969ರ ನವೆಂಬರಿನಲ್ಲಿ ಹೊರಬಂದ ಆ ಹಾಡಿನಲ್ಲಿ ಯೂದನ ಪಾತ್ರಧಾರಿ ಮರ್ರೆ ಹೆಡ್, ನೀನು ಯಾರು, ನಿನ್ನ ಬಲಿದಾನದ ಅರ್ಥವೇನು ಎಂದು ಯೇಸುವನ್ನೇ ಪ್ರಶ್ನಿಸುತ್ತಾನೆ. ದೇವನಿಂದೆಯ ಆರೋಪ ಬರುವುದೆಂಬ ಅಂಜಿಕೆ ಸಂಸ್ಥೆಗೆ ಇದ್ದೇ ಇತ್ತು. ಆಗ ಬೆಂಬಲಕ್ಕೆ ಬಂದವರು ಲಂಡನ್ನಿನ ಸಂತ ಪೌಲರ ಮಹಾದೇವಾಲಯದ ಆಂಗ್ಲಿಕನ್ ಡೀನ್ ಮಾರ್ಟಿನ್ ಸಲಿವನ್. ಆಘಾತಗೊಂಡವರು ಇನ್ನೊಮ್ಮೆ ಕೇಳಿ ಯೋಚಿಸಲಿ, ಇಲ್ಲಿರುವುದು ನ್ಯಾಯವಾದ ಪ್ರಶ್ನೆಯೇ ಎಂಬರ್ಥದ ಅವರ ಟಿಪ್ಪಣಿ ತಟ್ಟೆಯ ಹೊದಿಕೆಯ ಮೇಲೆಯೇ ಅಚ್ಚಾಯಿತು. ಆ ಹಾಡಿಗೆ ದೊರೆತ ಗಮನವೇ ಪೂರ್ಣ ಆಲ್ಬಮ್ಮಿಗೆ ದಾರಿಯಾಯಿತು.

1970ರ ಧ್ವನಿಮುದ್ರಣ ಮುಖ್ಯವಾಗಿ ನಡೆದದ್ದು ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ. ಯೇಸುವಿನ ಪಾತ್ರಕ್ಕೆ ಆರಿಸಿದ್ದು ಆಗಷ್ಟೇ ಡೀಪ್ ಪರ್ಪಲ್ ತಂಡ ಸೇರಿದ್ದ ಇಯಾನ್ ಗಿಲ್ಲನ್ನನ್ನು. ಮಂದ್ರದ ಪಿಸುಮಾತಿನಿಂದ ತಾರಸ್ಥಾಯಿಯ ಆರ್ತನಾದದವರೆಗೆ ಒಂದೇ ಉಸಿರಿನಲ್ಲಿ ಏರಬಲ್ಲ ಕಂಠ ಆತನದು. ಮಗ್ದಲದ ಮರಿಯಳ ಪಾತ್ರ ಹವಾಯಿ ದ್ವೀಪದಿಂದ ಲಂಡನ್ನಿಗೆ ಬಂದು ಕ್ಲಬ್ಬೊಂದರಲ್ಲಿ ಹಾಡುತ್ತಿದ್ದ, ಇಪ್ಪತ್ತೂ ತುಂಬದ ಇವೊನ್ ಎಲಿಮನ್‌ಗೆ ದೊರೆಯಿತು. ಪಿಲಾತನಾಗಿ ಬ್ಯಾರಿ ಡೆನ್ನೆನ್, ಕಾಯಫನಾಗಿ ವಿಕ್ಟರ್ ಬ್ರಾಕ್ಸ್, ಹೆರೋದನಾಗಿ ಮೈಕ್ ಡಾಬೊ ಹಾಡಿದರು. ವಾದ್ಯಗಳ ಬೆನ್ನೆಲುಬು ಗ್ರೀಸ್ ಬ್ಯಾಂಡ್ ತಂಡದವರದು. ಅದರ ಸುತ್ತ ತಂತಿವಾದ್ಯಗಳ ಮೇಳ ಹಾಗೂ ಗಾಯಕವೃಂದ.

ಸಂಗೀತದ ಕಟ್ಟಡದ ಬಗ್ಗೆ ಎರಡು ಮಾತು ಹೇಳಲೇಬೇಕು. ಬಳಲಿದ ಯೇಸುವನ್ನು ಮರಿಯಳು ಸಂತೈಸುವ ಹಾಡು ಐದು ಮಾತ್ರೆಗಳ ಲಯದಲ್ಲಿದ್ದರೆ, ವ್ಯಾಪಾರಿಗಳು ಮಹಾದೇವಾಲಯವನ್ನು ಸಂತೆಯಾಗಿಸಿದ ದೃಶ್ಯ ಏಳು ಮಾತ್ರೆಗಳಲ್ಲಿದೆ. ನಮ್ಮ ಸಂಗೀತಗಾರರಿಗೆ ಖಂಡ, ಮಿಶ್ರಗಳು ಹೊಸತಲ್ಲ; ರಾಕ್ ಸಂಗೀತಕ್ಕೆ ಅವು ಅಪರೂಪ. ಸಂತೆಯ ಗದ್ದಲದಲ್ಲಿ ಕಾಲು ಎಲ್ಲಿ ಊರಬೇಕೆಂದು ತಿಳಿಯದ ಆ ತಬ್ಬಿಬ್ಬು ಲಯದಿಂದಲೇ ಕೇಳುಗನಿಗೆ ಅನುಭವವಾಗುತ್ತದೆ. ಗರಿಗಳ ಭಾನುವಾರದ ಹೊಸಾನ್ನ ಗೀತೆ ಇನ್ನೂ ಮಾರ್ಮಿಕವಾದುದು. ಪಲ್ಲವಿ ಮರಳಿದಾಗಲೆಲ್ಲ ಜನರ ಕೋರಿಕೆಯ ಒಂದು ಪದ ಬದಲಾಗುತ್ತದೆ. ಕೊನೆಗೆ ಅದೇ ಸಂಭ್ರಮದ ಸ್ವರದಲ್ಲಿ ಅವರು ಬೇಡುವುದು ಆತನ ಸಾವನ್ನು. ಭಾನುವಾರ ಜಯಕಾರ ಹಾಕಿದ ಬಾಯಿಯೇ ಶುಕ್ರವಾರ ಏನು ಕೂಗಿತೆಂದು ಪೀಠದಿಂದ ಎಷ್ಟು ಪ್ರಬೋಧನೆಗಳನ್ನು ಕೇಳಿಲ್ಲ ನಾವು? ಇಲ್ಲಿ ಅದು ಮೂರೇ ನಿಮಿಷಗಳ ಕೆಲಸ.

ಆಲ್ಬಮ್ಮಿನ ಹೃದಯವಿರುವುದು ಗೆತ್ಸೆಮನೆ ತೋಪಿನಲ್ಲಿ. ಶಿಷ್ಯರೆಲ್ಲ ನಿದ್ರೆಹೋದ ಮೇಲೆ ಯೇಸು ಒಬ್ಬನೇ ಪಿತನೊಡನೆ ವಾದಿಸುತ್ತಾನೆ. ಏಕೆ ಸಾಯಬೇಕೆಂದು ಕೇಳುತ್ತಾನೆ, ಸಿಟ್ಟಾಗುತ್ತಾನೆ, ಕೊನೆಗೆ ಪಾತ್ರೆಯನ್ನು ಸ್ವೀಕರಿಸುತ್ತಾನೆ. ಶುಭಸಂದೇಶದ ಪ್ರಾರ್ಥನೆಗಿಂತ ಇಲ್ಲಿಯ ಒರಟುತನ ಹೆಚ್ಚೆಂಬುದನ್ನು ಒಪ್ಪಬೇಕು. ಆದರೆ ನೆಲಕ್ಕೆ ಬಿದ್ದ ರಕ್ತದ ಹನಿಗಳಂತಹ ಬೆವರನ್ನು ದಾಖಲಿಸಿದವನು ಸಂತ ಲೂಕನೇ ಅಲ್ಲವೆ? ಕಣ್ಣೀರಿಟ್ಟು ಮೊರೆಯಿಟ್ಟ ಕ್ರಿಸ್ತನನ್ನು ಹಿಬ್ರಿಯರಿಗೆ ಬರೆದ ಪತ್ರವೂ ಬಲ್ಲದು. ಯೇಸು ಪೂರ್ಣ ದೇವನೂ ಪೂರ್ಣ ಮಾನವನೂ ಹೌದೆಂಬುದು 451ರ ಕಾಲ್ಸಿಡನ್ ಮಹಾಸಭೆಯ ಬೋಧನೆ. ನಮ್ಮಲ್ಲಿ ಅನೇಕರು ಅದರ ಎರಡನೆಯ ಅರ್ಧವನ್ನು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಬಿಟ್ಟುಬಿಡುತ್ತೇವೆ. ಈ ಆಲ್ಬಂ ಮೊದಲನೆಯ ಅರ್ಧವನ್ನು ಬಿಟ್ಟಿದೆ. ಯಾವ ತಪ್ಪು ದೊಡ್ಡದೆಂಬುದನ್ನು ದೈವಶಾಸ್ತ್ರಜ್ಞರಿಗೆ ಬಿಡೋಣ.

ಅಮೆರಿಕದಲ್ಲಿ ಆಲ್ಬಮ್ಮಿನ ಪರಿಚಯ ಕಾರ್ಯಕ್ರಮ 1970ರ ಅಕ್ಟೋಬರಿನಲ್ಲಿ ನಡೆದದ್ದು ನ್ಯೂಯಾರ್ಕಿನ ಲೂಥರನ್ ದೇವಾಲಯವೊಂದರಲ್ಲಿ. ತಾಯ್ನಾಡಾದ ಇಂಗ್ಲೆಂಡ್ ಮೊದಮೊದಲು ನಿರ್ಲಕ್ಷಿಸಿದ ಈ ತಟ್ಟೆಗಳು ಅಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿದವು. 1971ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ, ಮೇ ತಿಂಗಳಲ್ಲಿ ಮತ್ತೆ ಅದೇ ಸ್ಥಾನ ಹಿಡಿದು, ವರ್ಷದ ಕೊನೆಗೆ ಇಡೀ ವರ್ಷದ ಆಲ್ಬಮ್ಮುಗಳಲ್ಲೇ ಅಗ್ರಸ್ಥಾನ ಪಡೆಯಿತು. ವಿಯೆಟ್ನಾಂ ಯುದ್ಧದಿಂದ ಬೇಸತ್ತು, ಉದ್ದ ಕೂದಲು ಬಿಟ್ಟು, ದೇವಾಲಯಗಳಿಂದ ದೂರವಾಗಿ, ಆದರೂ ಯೇಸುವನ್ನು ಅರಸುತ್ತಿದ್ದ ತರುಣ ತರುಣಿಯರ ಅಲೆಯೊಂದು ಆಗ ಆ ದೇಶದಲ್ಲಿ ಎದ್ದಿತ್ತು. ಅವರು ಆಡುವ ಭಾಷೆಯಲ್ಲೇ ಈ ಹಾಡುಗಳು ಬಂದವು. ಪರವಾನಗಿಯಿಲ್ಲದ ಪ್ರದರ್ಶನಗಳು ಎಲ್ಲೆಡೆ ತಲೆಯೆತ್ತಿ ಹಕ್ಕುದಾರರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 1971ರ ಅಕ್ಟೋಬರ್ 12ರಂದು ಬ್ರಾಡ್‌ವೇ ರಂಗಮಂದಿರದಲ್ಲಿ ತೆರೆ ಸರಿದಾಗ ಹೊರಗೆ ಪ್ರತಿಭಟನೆಯ ಫಲಕಗಳು. ಅಲ್ಲಿ 711 ಪ್ರದರ್ಶನಗಳಾದರೆ, ಮರುವರ್ಷ ಲಂಡನ್ನಿನಲ್ಲಿ ಆರಂಭವಾದ ನಾಟಕ 3,358 ಪ್ರದರ್ಶನಗಳನ್ನು ಕಂಡಿತು. ದಕ್ಷಿಣ ಆಫ್ರಿಕದ ಸರ್ಕಾರ ಇದನ್ನು ಧರ್ಮವಿರೋಧಿಯೆಂದು ನಿಷೇಧಿಸಿತು. ಕಮ್ಯುನಿಸ್ಟ್ ಹಂಗೆರಿ 1972ರಲ್ಲಿ ಧರ್ಮಪ್ರಚಾರವೆಂದು ನಿಷೇಧಿಸಿತು. ಎರಡೂ ಕಡೆಯ ಅಧಿಕಾರಿಗಳು ಒಟ್ಟಿಗೆ ಕುಳಿತು ಕೇಳಿದ್ದರೆ ಸೊಗಸಾಗಿರುತ್ತಿತ್ತು.

ಆಕ್ಷೇಪಗಳೆಲ್ಲ ಒಂದೇ ತೂಕದವಲ್ಲ. ಗಿಟಾರಿನ ಅಬ್ಬರ ಪವಿತ್ರ ವಿಷಯಕ್ಕೆ ಸಲ್ಲದೆಂಬ ಆಕ್ಷೇಪ ಕಾಲಕ್ರಮದಲ್ಲಿ ತಾನಾಗಿಯೇ ಅಡಗಿತು. ಇಂದು ನಮ್ಮ ಎಷ್ಟೋ ಧರ್ಮಕೇಂದ್ರಗಳ ಬಲಿಪೂಜೆಯಲ್ಲೇ ಗಿಟಾರ್ ಇದೆ. ಮಗ್ದಲದ ಮರಿಯಳನ್ನು ವೇಶ್ಯೆಯೆಂದು ಚಿತ್ರಿಸಿದ್ದಕ್ಕೆ ಗೀತಕಾರನೊಬ್ಬನನ್ನೇ ದೂರುವಂತಿಲ್ಲ; 591ರಲ್ಲಿ ಜಗದ್ಗುರು ಮಹಾ ಗ್ರೆಗರಿಯವರೇ ಅವಳನ್ನೂ ಲೂಕನ ಶುಭಸಂದೇಶದ ಪಾಪಿ ಸ್ತ್ರೀಯನ್ನೂ ಒಬ್ಬಳೇ ಎಂದು ಬೋಧಿಸಿದ್ದರು. ಪುನರುತ್ಥಾನದ ಮೊದಲ ಸಾಕ್ಷಿಯಾದ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಲು 2016ರವರೆಗೆ, ಜಗದ್ಗುರು ಫ್ರಾನ್ಸಿಸರವರೆಗೆ, ಕಾಯಬೇಕಾಯಿತು.

ಗಂಭೀರವಾದ ಆಕ್ಷೇಪ ಯೆಹೂದ್ಯರದು. ಕಾಯಫ ಮತ್ತವನ ಸಂಗಡಿಗರನ್ನು ಸಂಚುಗಾರರಾಗಿಸಿ, ಪಿಲಾತನನ್ನು ತೊಳಲಾಡುವ ಸಜ್ಜನನಾಗಿಸಿದ್ದು ಹಳೆಯ ಗಾಯವನ್ನು ಮತ್ತೆ ಕೆದಕಿತು. ಮತ್ತಾಯನ ಶುಭಸಂದೇಶದಲ್ಲಿ ಕನಸು ಕಾಣುವವಳು ಪಿಲಾತನ ಹೆಂಡತಿ. ಇಲ್ಲಿ ಆ ಕನಸನ್ನೂ ಅವನಿಗೇ ಕೊಟ್ಟು ಕೇಳುಗನ ಕನಿಕರವನ್ನು ಅವನ ಕಡೆಗೆ ತಿರುಗಿಸಲಾಗಿದೆ. ಯಾತನೆಯ ದೋಷವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಸಾರಿ ಐದೇ ವರ್ಷಗಳಾಗಿದ್ದವು. 1973ರಲ್ಲಿ ನಾರ್ಮನ್ ಜುವಿಸನ್ ಇಸ್ರೇಲಿನಲ್ಲಿ ಚಿತ್ರೀಕರಿಸಿದ ಚಲನಚಿತ್ರ ಬಂದಾಗ ಅಮೆರಿಕದ ಯೆಹೂದ್ಯ ಸಂಘಟನೆಗಳು ಎತ್ತಿದ ಈ ಪ್ರಶ್ನೆಗೆ ತೃಪ್ತಿಕರ ಉತ್ತರ ದೊರೆಯಲಿಲ್ಲವೆಂದೇ ಈ ಲೇಖಕನ ಅಭಿಪ್ರಾಯ.

ಉಳಿದದ್ದು ಪುನರುತ್ಥಾನದ ಮಾತು. ಕಥೆ ಶಿಲುಬೆಯಲ್ಲೇ ನಿಂತುಹೋಗುತ್ತದೆ, ಪಾಸ್ಕದ ಬೆಳಗು ಇಲ್ಲ ಎಂಬ ದೂರು ಮೊದಲಿನಿಂದಲೂ ಇದೆ. ಅದು ನಿಜವೂ ಹೌದು. 2018ರಲ್ಲಿ ಅಮೆರಿಕದ ದೂರದರ್ಶನ ಜಾಲವೊಂದು ಇದರ ನೇರ ಪ್ರದರ್ಶನವನ್ನು ಪಾಸ್ಕ ಹಬ್ಬದ ಸಂಜೆಯೇ ಪ್ರಸಾರ ಮಾಡಿದಾಗಲೂ ಆ ಪ್ರಶ್ನೆ ಹಾಗೆಯೇ ಉಳಿಯಿತು. ಆದರೆ ತಟ್ಟೆಯ ಕೊನೆಯ ತುಣುಕನ್ನು ಗಮನಿಸಬೇಕು. ಅದರಲ್ಲಿ ಮಾತಿಲ್ಲ. ಗೆತ್ಸೆಮನೆಯಲ್ಲಿ ಗಿಲ್ಲನ್ ಕಿರುಚಿ ಹಾಡಿದ ಸ್ವರವನ್ನೇ ತಂತಿವಾದ್ಯಗಳು ಈಗ ಮೆಲ್ಲನೆ, ಸಿಟ್ಟಿಲ್ಲದೆ ನುಡಿಸುತ್ತವೆ. ಆ ತುಣುಕಿಗೆ ಇಟ್ಟ ಹೆಸರು ಒಂದು ವಚನದ ಸಂಖ್ಯೆ ಮಾತ್ರ: ಯೊವಾನ್ನ, 19ನೆಯ ಅಧ್ಯಾಯ, 41ನೆಯ ವಚನ. ತೆರೆದು ನೋಡಿದರೆ ಅಲ್ಲಿರುವುದು ಒಂದು ತೋಟ, ಆ ತೋಟದಲ್ಲಿ ಇನ್ನೂ ಯಾರನ್ನೂ ಇಡದ ಹೊಸ ಸಮಾಧಿ. ಇನ್ನೊಂದು ವಚನ ದಾಟಿದರೆ 20ನೆಯ ಅಧ್ಯಾಯ. ವಾರದ ಮೊದಲ ದಿನ, ಇನ್ನೂ ಕತ್ತಲಿರುವಾಗಲೇ, ಮಗ್ದಲದ ಮರಿಯ ಅದೇ ಸಮಾಧಿಯ ಬಳಿಗೆ ಬರುತ್ತಾಳೆ.